ವೈರಸ್ಸಿನ ಸಂಧಿಕಾರ್ಯ

ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ವೈರಸ್ಸನ್ನು 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದರೆಂಬುದನ್ನು ತಾವು ಕೇಳಿರಬಹುದು. ಈ ರೋಗಿಗಳು ಜೀವಮಾನವೆಲ್ಲ ಔಷಧ ಸೇವಿಸಬೇಕಾಗಿರುವುದೇಕೆ? ಆ ವೈರಸ್ಸು ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿಕೊಂಡು, ಅದನ್ನು ನಮ್ಮ ಜೀವಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ. ಸೇರಿದ್ದನ್ನು ಬಿಡಿಸುವ ಮದ್ದು ಇನ್ನೂ ಕೈಗೆ ಬಂದಿಲ್ಲ. ಸೇರಿಸುವ ಕೆಲಸ ಇಂಟಿಗ್ರೇಸ್ ಎಂಬ ಕಿಣ್ವದ್ದು.

ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ವೈರಸ್ಸಿನ ಡಿಎನ್‌ಎಯ ಎರಡು ತುದಿಗಳಲ್ಲಿಯೂ ಒಂದೊಂದು ಎಳೆ ಸಿ, ಎ, ಜಿ, ಟಿ ಎಂದು ಮುಗಿಯುತ್ತದೆ. ಕಿಣ್ವವು ಈ ತುದಿಗಳನ್ನು ಗುರುತಿಸಿ ಹಿಡಿದು, ಕೊನೆಯ ಜಿ, ಟಿಗಳನ್ನು ಕತ್ತರಿಸಿ, ಉಳಿದ 'ಎ'ಯನ್ನು ನಮ್ಮ ಡಿಎನ್‌ಎಗೆ ಕೂಡಿಸುತ್ತದೆ. 'ಊರು', 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಮೊದಲ ಪದದ ಉಕಾರ ಹೋಗುವುದಷ್ಟೆ. ತಮಗೆ ಲೋಪಸಂಧಿ ನೆನಪಾದರೆ ಅದು ಸಹಜವೇ. ಆದರೆ ವ್ಯಾಕರಣದ ನಿಯಮ ಎರಡು ಪದಗಳಿಗೂ ಉಂಟು. ಈ ಕಿಣ್ವವಾದರೋ ತನ್ನ ತುದಿಯ ವಿಷಯದಲ್ಲಿ ಬಹು ಕಟ್ಟುನಿಟ್ಟು, ನಮ್ಮ ಡಿಎನ್‌ಎಯ ವಿಷಯದಲ್ಲಿ ಬಹು ಉದಾರಿ. ಬಾಗಲು ಒಪ್ಪುವ ತಾಣವಾದರೆ ಅಕ್ಷರ ಯಾವುದಾದರೂ ಬಹುಮಟ್ಟಿಗೆ ಸರಿಯೇ.

ಈ ಹಿಡಿತವನ್ನು ಕಾಣುವುದು ಸುಲಭವಾಗಲಿಲ್ಲ. ಎಕ್ಸ್ ಕಿರಣಗಳಿಂದ ರೂಪ ತಿಳಿಯಬೇಕಾದರೆ ಕಿಣ್ವ ಹರಳುಗಟ್ಟಬೇಕು. ಇದು ಸರಿಯಾಗಿ ಕರಗದೆ ಮುದ್ದೆಗಟ್ಟುತ್ತಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರಾಬರ್ಟ್ ಕ್ರೇಗಿ ಮತ್ತು ಸಂಗಡಿಗರು ಅದರ ಅಮೈನೊ ಆಮ್ಲಗಳನ್ನು ಬದಲಿಸಿ ಬದಲಿಸಿ ನೋಡಿದರು. 185ನೆಯ ಸ್ಥಾನದಲ್ಲಿ ಫಿನೈಲ್‌ಅಲನೀನಿಗೆ ಬದಲಾಗಿ ಲೈಸೀನನ್ನು ಇಟ್ಟಾಗ ಕಿಣ್ವದ ನಡುಭಾಗ ಕರಗಿತು! 1994ರಲ್ಲಿ ಅದರ ರೂಪ ಪ್ರಕಟವಾಯಿತು. ಡಿಎನ್‌ಎ ಮಾತ್ರ ಅದರಲ್ಲಿರಲಿಲ್ಲ: ಕೈ ಕಂಡಿತು, ಹಿಡಿದ ವಸ್ತು ಕಾಣಲಿಲ್ಲ.

ಸೋಜಿಗವೆಂದರೆ, ಹಿಡಿತದ ಚಿತ್ರಕ್ಕಿಂತ ಮೊದಲೇ ಮದ್ದು ಬಂದಿತು. 2007ರಲ್ಲಿ ರಾಲ್ಟೆಗ್ರಾವಿರ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರ ಮರ್ಮ ಕಣ್ಣಿಗೆ ಬಿದ್ದದ್ದು 2010ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪೀಟರ್ ಚೆರೆಪಾನೊವ್ ತಂಡವು ಎಚ್‌ಐವಿಯ ದೂರದ ಬಂಧುವಾದ ಫೋಮಿ ವೈರಸ್ಸಿನ ಕಿಣ್ವವನ್ನು ಡಿಎನ್‌ಎ ಸಮೇತ ಹರಳುಗಟ್ಟಿಸಿದಾಗ. ನಾಲ್ಕು ಕಿಣ್ವದ ಅಣುಗಳು ಕೂಡಿ ಎರಡು ತುದಿಗಳನ್ನು ಹಿಡಿದಿದ್ದವು. ಔಷಧವು ಅಲ್ಲಿನ ಎರಡು ಲೋಹಕಣಗಳಿಗೆ ಅಂಟಿಕೊಂಡು, ಅಣಿಯಾಗಿ ನಿಂತಿದ್ದ ಆ ಕೊನೆಯ 'ಎ'ಯನ್ನು ಸ್ಥಾನದಿಂದ ತಳ್ಳಿತ್ತು. ಕೂಡಬೇಕಾದ ಅಕ್ಷರವೇ ಪಕ್ಕಕ್ಕೆ ಸರಿದ ಮೇಲೆ ಸಂಧಿ ಎಲ್ಲಿಯದು?

ಎಚ್‌ಐವಿಯ ಸ್ವಂತ ಕಿಣ್ವ ಡಿಎನ್‌ಎ ಸಹಿತ ಕಾಣಿಸಿದ್ದು 2017ರಲ್ಲಿ. ಅಷ್ಟರಲ್ಲಿ ಇದೇ ಬಗೆಯ ಡೊಲುಟೆಗ್ರಾವಿರ್ 2013ರಲ್ಲಿಯೇ ಬಳಕೆಗೆ ಬಂದಿತ್ತು; ಮೊದಲ ಚಿಕಿತ್ಸೆಗೆ ಅದನ್ನೇ ಕೊಡಬೇಕೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು.