ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?



ಗೋಡೆಯ ಭೂಪಟದ ಮೇಲೆ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲು ಇಟ್ಟರೆ ಗೆರೆ ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ಅದೇ ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಉತ್ತರಕ್ಕೆ ಏರಿ ಚೀನ, ಸೈಬೀರಿಯ ದಾಟಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ! ಆ ದಾರದ ಅಳತೆ 13,993 ಕಿ.ಮೀ. ಇದೇ ನಿಜವಾದ ವಾಯುಮಾರ್ಗದ ದೂರ.

ಇಷ್ಟು ದೂರವನ್ನು ಎಲ್ಲೂ ಇಳಿಯದೆ ಹಾರುವುದು ಹಿಂದೆ ಕನಸಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಒಂದೇ ಇಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಹೊತ್ತು ಬೆಳಿಗ್ಗೆ ಕರಾಚಿ ಬಿಟ್ಟರು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಂಡು ಮುಂಬಯಿ ಸೇರುವಾಗ ಮಧ್ಯಾಹ್ನ ದಾಟಿತ್ತು. ಆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂದೆ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಮದ್ರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯ ಮೇಲೆ. ಭಾರತದ ವಿಮಾನಯಾನದ ಮೊದಲ ಪುಟದಲ್ಲೇ ಕನ್ನಡದ ಊರೊಂದಿದೆ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲೂ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿ ಇತ್ತು. 1953ರಲ್ಲಿ ಅದು ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋಯಿತು.

1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ 'ಮಲಬಾರ್ ಪ್ರಿನ್ಸೆಸ್' ಕೂಡ ಕೈರೋ, ಜಿನೀವಾಗಳಲ್ಲಿ ಇಳಿದೇ ಹೋಗಬೇಕಾಯಿತು. ಎಂದರೆ, ಪ್ರಯಾಣದ ಹೊತ್ತನ್ನು ತೀರ್ಮಾನಿಸುತ್ತಿದ್ದುದು ವೇಗವೊಂದೇ ಅಲ್ಲ, ಇಂಧನದ ಟ್ಯಾಂಕು ಕೂಡ.

2021ರ ಜನವರಿ 9ರಂದು ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬೆಂಗಳೂರಿಗೆ ಹೊರಟಿತು. ನಡೆಸಿದವರು ನಾಲ್ವರೂ ಮಹಿಳೆಯರು: ಜೋಯಾ ಅಗರ್ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಅವರು ದಾರದ ದಾರಿಯನ್ನೂ ಬಿಟ್ಟು ಇನ್ನೂ ಮೇಲಕ್ಕೆ, ಉತ್ತರ ಧ್ರುವದ ಮೇಲೆ ಹಾರಿದರು. ಹಾರಿದ ದೂರ ಸುಮಾರು 16,000 ಕಿ.ಮೀ. ಹತ್ತಿರದ ದಾರಿ ಬಿಟ್ಟು ಸುತ್ತು ಏಕೆ? ಪೆಸಿಫಿಕ್ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಪಶ್ಚಿಮಕ್ಕೆ ಹೊರಟವರಿಗೆ ಅದು ಎದುರುಗಾಳಿ. ಎದುರುಗಾಳಿಗೆ ಸೈಕಲ್ ತುಳಿದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಏಳನೆಯ ತರಗತಿ ಮುಗಿಸಿದ ಮಗಳನ್ನು ಪಕ್ಕದ ಊರಿನ ಹೈಸ್ಕೂಲಿಗೆ ಕಳಿಸಲು "ದೂರ ಆಗತದ ಸರ್" ಎನ್ನುವ ತಂದೆ-ತಾಯಿಗಳು ನಮ್ಮ ಗಡಿ ಹಳ್ಳಿಗಳಲ್ಲಿ ಇದ್ದಾರೆ. ಪೋಷಕರ ಸಭೆಯಲ್ಲಿ ನಾನು ಈ ನಾಲ್ವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುತ್ತೇನೆ.

ಮಕ್ಕಳಿಗೊಂದು ಲೆಕ್ಕವೂ ಇದರಲ್ಲಿದೆ. ವಿಮಾನ ಹೊರಟದ್ದು ಅಲ್ಲಿನ ಶನಿವಾರ ರಾತ್ರಿ ಸುಮಾರು 8.30ಕ್ಕೆ. ಹಾರಿದ್ದು ಸುಮಾರು 17 ಗಂಟೆ. ಬೆಂಗಳೂರಿನಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಹಾಗಾದರೆ ಭಾನುವಾರ ಎಲ್ಲಿ ಹೋಯಿತು? ಆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ 13 ಗಂಟೆ 30 ನಿಮಿಷ ಮುಂದೆ ಇತ್ತು. ಅಲ್ಲಿ ವಿಮಾನ ಮೇಲೇರುವಾಗಲೇ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ.