ಜೂನ್ ತಿಂಗಳ ಸಾಲಿ

ಜಪಾನಿನ ಮಕ್ಕಳಿಗೆ ಶಾಲೆಯ ವರ್ಷ ಮೊದಲಾಗುವುದು ಏಪ್ರಿಲ್‌ನಲ್ಲಿ, ಚೆರಿ ಹೂವಿನ ಕಾಲಕ್ಕೆ. ಆ ಜನರ ಸೌಂದರ್ಯಪ್ರಜ್ಞೆಗೆ ಇದನ್ನು ನಿದರ್ಶನವಾಗಿ ಹೇಳುವವರುಂಟು. ಆದರೆ ಇದರ ಮೂಲವಿರುವುದು ಹೂವಿನಲ್ಲಲ್ಲ, ಖಜಾನೆಯಲ್ಲಿ. 1886ರಲ್ಲಿ ಅಲ್ಲಿನ ಸರಕಾರ ತನ್ನ ಲೆಕ್ಕದ ವರ್ಷವನ್ನು ಏಪ್ರಿಲ್‌ನಿಂದ ಎಣಿಸತೊಡಗಿತು. ಶಾಲೆಗಳು ಕ್ರಮೇಣ ಅದರ ಬೆನ್ನು ಹಿಡಿದವು. ನಮ್ಮಲ್ಲಿ ಬ್ರಿಟಿಷರು ಏಪ್ರಿಲ್‌ನ ಲೆಕ್ಕವನ್ನು 1867ರಲ್ಲಿಯೇ ತಂದಿದ್ದರೂ, ನಾನು ಕಂಡ ಬೆಳಗಾವಿಯ ಸಾಲಿಗಳ ಬಾಗಿಲು ತೆರೆಯುತ್ತಿದ್ದುದು ಜೂನ್‌ನಲ್ಲಿ, ಮುಂಗಾರಿನೊಡನೆ.

ಹಿಂದಿನ ಕೂಲಿಮಠಗಳಿಗೆ ಇಂಥ ವರ್ಷದ ಕಟ್ಟು ಇರಲಿಲ್ಲ. ವಿಜಯದಶಮಿಗೋ ಇನ್ನೊಂದು ಒಳ್ಳೆಯ ದಿನಕ್ಕೋ ಮಗು ಮರಳಿನ ಮೇಲೆ ಅಕ್ಷರ ತಿದ್ದತೊಡಗುತ್ತಿತ್ತು. ಅಮಾವಾಸ್ಯೆ, ಹುಣ್ಣಿಮೆಗೆ ಬಿಡುವು. ಹೊಲದ ಕೆಲಸಕ್ಕೆಂದು ತಿಂಗಳುಗಟ್ಟಲೆ ತಪ್ಪಿದವನು ಬಿಟ್ಟಲ್ಲಿಂದಲೇ ಮುಂದುವರಿಯಬಹುದಾಗಿತ್ತು. ಮುಂಬಯಿ ಇಲಾಖೆಯ ಸರಕಾರಿ ಸಾಲಿ ಬಂದಾಗ ಇಯತ್ತೆ ಬಂತು, ಹಾಜರಿ ಪಟ್ಟಿ ಬಂತು, ವಾರ್ಷಿಕ ಪರೀಕ್ಷೆ ಬಂತು. ಅಂದಿನಿಂದ ತಪ್ಪಿದ ತಿಂಗಳು ತಪ್ಪಿದ್ದೇ ಆಯಿತು.

ಪೇಟೆಯ ಹುಡುಗನಿಗೆ ಜೂನ್ ಎಂದರೆ ಹೊಸ ಪುಸ್ತಕದ ವಾಸನೆ, ಹೊಸ ಕೊಡೆ. ಬೆಳಗಾವಿಯಿಂದ ಹತ್ತು ಹದಿನೈದು ಹರದಾರಿಯೊಳಗಿನ ಖಾನಾಪುರದ ಕಾಡುಸೀಮೆಯಲ್ಲಿ ಅದೇ ಜೂನ್ ಬೇರೆ. ಜಾಂಬೋಟಿ, ಕಣಕುಂಬಿಗಳ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಹಳ್ಳಗಳು ದಾರಿ ಕಟ್ಟುತ್ತವೆ. ಅದೇ ಹೊತ್ತಿಗೆ ಭತ್ತದ ನಾಟಿ. ದೊಡ್ಡವರೆಲ್ಲ ಕೆಸರಿನಲ್ಲಿ ನಿಂತಾಗ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹತ್ತು ವರ್ಷದ ಅಕ್ಕ. ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳುತ್ತದೆ. ಊರಿನಲ್ಲಿ ಕೆಲಸ ಕಡಿಮೆಯಾದ ಮೇ ತಿಂಗಳಲ್ಲಿ ಸಾಲಿಗೆ ಬೀಗ. ಬಯಲುಸೀಮೆಯ ಬಿಸಿಲಿಗೆ ಒಪ್ಪುವ ರಜೆಯನ್ನು ಮಲೆನಾಡಿಗೂ ಹೊದಿಸಿದ್ದು ಕಚೇರಿಯ ಜಾಣತನವೇ ಸರಿ.

ಜಪಾನಿನ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುವುದನ್ನು ನಾವು ಬಹಳ ಹೊಗಳುತ್ತೇವೆ. ನಮ್ಮ ಸಾಲಿಗಳಲ್ಲೂ ಶನಿವಾರ ನೆಲ ಸಾರಿಸುತ್ತಿದ್ದರಲ್ಲ! ಆದರೆ ಅಲ್ಲಿ ಕಸಬರಿಗೆ ಎಲ್ಲರ ಕೈಗೂ ಬರುತ್ತದೆ. ಇಲ್ಲಿ ಅದು ಹೆಚ್ಚಾಗಿ ಹುಡುಗಿಯರ ಕೈಯಲ್ಲೇ ಉಳಿಯಿತು.

ಅವರಿಂದ ಕಲಿಯಬೇಕಾದುದು ಇನ್ನೊಂದಿದೆ. ಉತ್ತರದ ಹೊಕ್ಕೈಡೊ ದ್ವೀಪದಲ್ಲಿಯೂ ಶಾಲೆಯ ವರ್ಷ ಏಪ್ರಿಲ್‌ಗೇ ಆರಂಭ. ಆದರೆ ಹಿಮದ ನಾಡೆಂದು ಅಲ್ಲಿ ಬೇಸಿಗೆಯ ರಜೆಯನ್ನು ಮೊಟಕು ಮಾಡಿ ಚಳಿಗಾಲಕ್ಕೆ ಹೆಚ್ಚು ಕೊಡುತ್ತಾರೆ. ನಮ್ಮ ಜಿಲ್ಲಾಡಳಿತ ಈಚಿನ ವರ್ಷಗಳಲ್ಲಿ ಭಾರಿ ಮಳೆಯ ದಿನ ಖಾನಾಪುರದ ಶಾಲೆಗಳಿಗೆ ರಜೆ ಸಾರುತ್ತಿದೆ. ಅದು ಹಳ್ಳ ತುಂಬಿದ ಮೇಲಿನ ಮಾತು. ಮೇ ತಿಂಗಳಿನಿಂದ ಮೂರು ವಾರ ಕಡಿದು ನಾಟಿಯ ಕಾಲಕ್ಕೆ ಮೊದಲೇ ಇರಿಸಿದರೆ, ಆ ಅಕ್ಕನ ಹೆಸರಿನ ಮುಂದೆ ಬೀಳುವ ಗೈರು ಅಷ್ಟು ಕಡಿಮೆಯಾದೀತು.