ಶೇ. 11ರ ತಕರಾರು: ರಕ್ತದ ಅಂಕಿ ಮತ್ತು ಸಕ್ಕರೆ ಕಾಯಿಲೆಯವರ ಕಣ್ಣು

ಡಯಾಬಿಟಿಕ್ ರೆಟಿನೋಪತಿಯ (ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಕೆಡುವುದರ) ಚರಿತ್ರೆ ಬರೆಯುವವರಲ್ಲಿ ಹಲವರು ಇಂದಿಗೂ 1995ರ ಒಂದು ನಕ್ಷೆಗೆ ಜೋತುಬಿದ್ದಿದ್ದಾರೆ. ಅಮೆರಿಕ, ಕೆನಡಾಗಳಲ್ಲಿ ನಡೆದ ಡಿಸಿಸಿಟಿ ಪ್ರಯೋಗದ ತಂಡವೇ ಅದನ್ನು ಪ್ರಕಟಿಸಿತ್ತು. ಎಚ್‌ಬಿಎ1ಸಿ (ಜನರ ಬಾಯಲ್ಲಿ ‘ಮೂರು ತಿಂಗಳ ಶುಗರ್’) ಒಂದೇ ಮಟ್ಟದಲ್ಲಿದ್ದರೂ ಸಾಮಾನ್ಯ ಚಿಕಿತ್ಸೆಯವರಿಗಿಂತ, ಸಕ್ಕರೆಯನ್ನು ಹತೋಟಿಯಲ್ಲಿಡುವ ಬಿಗಿ ಚಿಕಿತ್ಸೆ ಪಡೆದವರ ಕಣ್ಣಿಗೆ ಅಪಾಯ ಕಡಿಮೆ ಎಂದು ಆ ನಕ್ಷೆ ಹೇಳಿತು. ಹಾಗಾದರೆ ಕಣ್ಣು ಕೆಡಿಸುವುದು ಎಚ್‌ಬಿಎ1ಸಿ ತೋರಿಸುವ ಸಕ್ಕರೆಯ ಸರಾಸರಿಯಲ್ಲ, ಅದರ ಏರಿಳಿತ ಎಂಬ ವಾದ ಅದರ ಮೇಲೆ ಬೆಳೆಯಿತು.

ಆ ನಕ್ಷೆ ನಿಲ್ಲುವುದಿಲ್ಲ. ಅದನ್ನು ಅಳಿಸಿದ್ದು ಎದುರಾಳಿಗಳಲ್ಲ, ಅದೇ ಪ್ರಯೋಗದ ಸಂಖ್ಯಾಶಾಸ್ತ್ರಜ್ಞ ಜಾನ್ ಲ್ಯಾಚಿನ್ ಮತ್ತು ಸಂಗಡಿಗರು. 1,441 ಮಂದಿಯನ್ನು ಸೇರಿಸಿಕೊಂಡಿದ್ದ ಆ ಪ್ರಯೋಗದ ದಾಖಲೆಗಳನ್ನು ಅವರು 2008ರಲ್ಲಿ ಮರಳಿ ಲೆಕ್ಕಕ್ಕೆ ಒಡ್ಡಿದಾಗ, ಆ ಅಂತರ ಲೆಕ್ಕದ ಮಾದರಿಯೊಳಗಿನ ಊಹೆಗಳಿಂದ ಹುಟ್ಟಿದ್ದೆಂದು ತಿಳಿಯಿತು. ಬಿಗಿ ಚಿಕಿತ್ಸೆಯ ಲಾಭಕ್ಕೆ ಎಚ್‌ಬಿಎ1ಸಿ ಇಳಿದದ್ದೇ ಬಹುಪಾಲು ಕಾರಣ. ಇಷ್ಟು ಸ್ಪಷ್ಟ ತಿದ್ದುಪಡಿ ಬಂದ ಮೇಲೂ 1995ರ ನಕ್ಷೆಯನ್ನು ಸಾಕ್ಷಿಯಾಗಿ ತರುವುದು ಸಂಶೋಧನೆಯಲ್ಲ.

ಲ್ಯಾಚಿನ್ ತಂಡದ 2008ರ ಲೇಖನದ ಇನ್ನೊಂದು ಸಾಲನ್ನು ಮಾತ್ರ ಸರಾಸರಿಯ ಪರ, ಏರಿಳಿತದ ಪರ ಎರಡೂ ಪಾಳಯದವರು ಓದದೆ ಬಿಟ್ಟರು, ಇಲ್ಲವೇ ತಪ್ಪಾಗಿ ಓದಿದರು. ಎಚ್‌ಬಿಎ1ಸಿ ಮತ್ತು ಕಾಯಿಲೆಯ ಅವಧಿ ಎರಡೂ ಸೇರಿ, ಯಾರ ಕಣ್ಣು ಕೆಡುತ್ತದೆ ಎಂಬುದರ ವ್ಯತ್ಯಾಸದಲ್ಲಿ ವಿವರಿಸಿದ್ದು ಶೇ. 11ರಷ್ಟನ್ನು ಮಾತ್ರ. ‘ಹಾಗಾದರೆ ಆ ಪರೀಕ್ಷೆಯಿಂದ ಪ್ರಯೋಜನವೇ ಇಲ್ಲ’ ಎಂದರು ಕೆಲವರು. ಇದು ಒಪ್ಪುವ ಮಾತಲ್ಲ. ಎರಡು ಚಿಕಿತ್ಸಾ ಗುಂಪುಗಳ ನಡುವಿನ ಅಂತರ ಏಕೆ ಬಂತು ಎಂಬುದು ಒಂದು ಪ್ರಶ್ನೆ. ಎದುರು ಕುಳಿತ ಈ ಒಬ್ಬ ರೋಗಿಯ ಅಕ್ಷಿಪಟಲ ಹೇಗಿದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಎಚ್‌ಬಿಎ1ಸಿ ಗಟ್ಟಿ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಬಡ ಉತ್ತರ. (ಡಿಸಿಸಿಟಿಯಲ್ಲಿದ್ದವರೆಲ್ಲ ಟೈಪ್ 1 ಕಾಯಿಲೆಯವರು, ಸೇರುವಾಗ 13ರಿಂದ 39ರ ವಯಸ್ಸಿನವರು. ನಮ್ಮಲ್ಲಿ ಹೆಚ್ಚಿರುವ ಟೈಪ್ 2ಕ್ಕೆ ಆ ಶೇ. 11ನ್ನು ಹಾಗೆಯೇ ಎತ್ತಿಡುವಂತಿಲ್ಲ.)

ಕೊಪ್ಪಳ ಜಿಲ್ಲೆಯಂಥ ಕಡೆ ತೊಡಕು ಇನ್ನಷ್ಟು ಆಳ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಕಬ್ಬಿಣಾಂಶದ ಕೊರತೆಯಿದ್ದರೆ ಅಂಕಿ ಇದ್ದದ್ದಕ್ಕಿಂತ ಮೇಲೆ ಹೋಗಬಹುದು. ರಕ್ತ ಸೋರಿ ಹೊಸ ಕಣಗಳು ಬೇಗ ಬೇಗ ಹುಟ್ಟುತ್ತಿದ್ದರೆ ಕೆಳಗಿಳಿಯಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಗಂಗಾವತಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುವವಳಿರಲಿ, ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದವಳಿರಲಿ, ಅವಳ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯೊಂದನ್ನೇ ಓದುವುದು ಅರ್ಧ ಚೀಟಿ ಓದಿದಂತೆ.

ಬೇರೆ ಗುರುತುಗಳ ಹುಡುಕಾಟವೂ ನಡೆದಿದೆ. ಭಾರತದ ಹಲವು ಕೇಂದ್ರಗಳ ರೋಗಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೃಷ್ಟಿಗೇ ಕುತ್ತು ತರುವ ರೆಟಿನೋಪತಿಯನ್ನು ಗುರುತಿಸುವಲ್ಲಿ ಸಿಸ್ಟಾಟಿನ್-ಸಿ ಮುಂದೆ ನಿಂತಿತು. ಅದು ಮೂಲತಃ ಮೂತ್ರಪಿಂಡದ ಶಕ್ತಿ ಅಳೆಯುವ ಪ್ರೋಟೀನು. ಕಣ್ಣಿನ, ಮೂತ್ರಪಿಂಡದ ಸಣ್ಣ ರಕ್ತನಾಳಗಳು ಜೊತೆಯಲ್ಲೇ ಕೆಡುವುದುಂಟು. ಹಾಗಾಗಿ ಈ ಫಲಿತಾಂಶ ಅಚ್ಚರಿಯದಲ್ಲ. ಆದರೆ ಮೂತ್ರಪಿಂಡ ಚೆನ್ನಾಗಿದ್ದು ಕಣ್ಣು ಮಾತ್ರ ಕೆಟ್ಟವರು ಈ ಜರಡಿಯಲ್ಲಿ ಕೆಳಗೆ ಜಾರುತ್ತಾರೆ.

ರೆಟಿನೋಪತಿಯ ಮೊದಲ ಕುರುಹು ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ಆ ಹೊತ್ತಿಗೆ ರೋಗಿಗೆ ದೃಷ್ಟಿ ಚೆನ್ನಾಗಿಯೇ ಇರುತ್ತದೆ, ನೋವೂ ಇಲ್ಲ. ಯಾರನ್ನು ಮೊದಲು ಕಣ್ಣಿನ ಕ್ಯಾಮೆರಾದ ಮುಂದೆ ಕೂರಿಸಬೇಕೆಂದು ತೀರ್ಮಾನಿಸಲು ರಕ್ತದ ಅಂಕಿಗಳು ನೆರವಾಗುತ್ತವೆ. ‘ಶುಗರ್ ಹತೋಟಿಯಲ್ಲಿದೆ, ಕಣ್ಣು ತೋರಿಸುವುದು ಬೇಡ’ ಎನ್ನಲು ಅವುಗಳಲ್ಲಿ ಯಾವುದಕ್ಕೂ ಇನ್ನೂ ಅಧಿಕಾರ ಸಿಕ್ಕಿಲ್ಲ.